ಕ್ಯೂಆರ್ ಗಲಾಟೆ: ಫಾರ್ವರ್ಡ್ ಮಾಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯಿಂದ "ಎರಡು ಸಾವಿರಕ್ಕಿಂತ ಜಾಸ್ತಿ ಯುಪಿಐ ಮಾಡಿದರೆ ಜಿಎಸ್‌ಟಿ" ಅನ್ನೋ ಮೆಸೇಜ್ ಗುಂಪಿಗೆ ನಾಲ್ಕು ಸಲ ಬಂದಿದೆ. ಅದು ಸುಳ್ಳು. ಕೇಂದ್ರ ಹಣಕಾಸು ಸಚಿವಾಲಯ 2025ರ ಏಪ್ರಿಲ್‌ನಲ್ಲೇ ಇದನ್ನು ಅಲ್ಲಗಳೆದಿತ್ತು. ಕಳಿಸಿದವರು ದಯವಿಟ್ಟು ಡಿಲೀಟ್ ಮಾಡಿ.

ಜಿಎಸ್‌ಟಿ ಬೀಳುವುದು ವ್ಯಾಪಾರದ ಮೇಲೆ, ದುಡ್ಡು ಕೊಟ್ಟ ರೀತಿಯ ಮೇಲಲ್ಲ. ವರ್ಷಕ್ಕೆ ಸರಕಿನ ವ್ಯಾಪಾರ 40 ಲಕ್ಷ, ಸೇವೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ನಗದು ತಗೊಂಡರೂ ಇದೇ ಲೆಕ್ಕ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ "ನಗದು ಮಾತ್ರ" ಬೋರ್ಡ್ ಬಂತು. ನಮ್ಮ ಮೂಲೆ ತರಕಾರಿ ಅಂಗಡಿಯ ತಕ್ಕಡಿ ಪಕ್ಕ ಕ್ಯೂಆರ್ ಕಿತ್ತ ಅಂಟಿನ ಗುರುತು ಇನ್ನೂ ಇದೆ. ಅವರು ಮಾರುವ ಸೊಪ್ಪು, ಟೊಮೆಟೊಗೆ ತೆರಿಗೆಯೇ ಇಲ್ಲ! ಪಾಪ, ಯಾರೂ ಬಿಡಿಸಿ ಹೇಳಿರಲಿಲ್ಲ.

ನನ್ನ ಪ್ರಕಾರ ತೆರಿಗೆ ಕೇಳಿದ್ದು ತಪ್ಪಲ್ಲ. ಆದರೆ ಮೊದಲು ತಿಳಿಸಿ ಹೇಳಬೇಕಿತ್ತು, ನೋಟಿಸ್ ಆಮೇಲೆ. ಕೈಸಾಲ, ಮಗ ಮನೆ ಖರ್ಚಿಗೆ ಹಾಕಿದ ದುಡ್ಡು ಎಲ್ಲ ಅದೇ ಖಾತೆಗೆ ಬರುತ್ತದೆ. ಅದೂ ವ್ಯಾಪಾರ ಅಂದರೆ ಹೇಗೆ? ಒಪ್ಪದವರು ಧಾರಾಳವಾಗಿ ಬರೆಯಿರಿ. ಅಂಗಡಿಯವರನ್ನು ಸುಮ್ನೆ "ಕಳ್ಳರು" ಅನ್ನಬೇಡಿ, ಅವರಲ್ಲಿ ಮೂವರು ಈ ಗುಂಪಿನಲ್ಲೇ ಇದ್ದಾರೆ.

ಅಂಗಡಿ ಇಟ್ಟವರೇ, ವ್ಯಾಪಾರಕ್ಕೆ ಬೇರೆ ಖಾತೆ ಮಾಡಿಕೊಳ್ಳಿ. ನೋಟಿಸ್ ಬಂದಿದ್ದರೆ ಡ್ರಾಯರ್‌ಗೆ ಹಾಕಿ ಮರೆಯಬೇಡಿ, ಉತ್ತರ ಕೊಡಿ. ಅದರ ಫೋಟೋ ಮಾತ್ರ ಇಲ್ಲಿ ಹಾಕಬೇಡಿ, ಪ್ಯಾನ್ ನಂಬರ್ ಇರುತ್ತದೆ.

– ಅಡ್ಮಿನ್