ಇಂಜಿನ್ ಬಿಚ್ಚುವ ಮೊದಲು ಟ್ಯಾಂಕ್ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಕೃಷಿ ಪುಟವನ್ನು ತಪ್ಪದೆ ಓದುವವಳು ನಾನು. ಬಿಳಿ ಕಾಂಡಕೊರಕ, ಕರಿಮೆಣಸಿನ ಸೊರಗು ರೋಗ, ಎಲ್ಲವೂ ಅಲ್ಲಿ ಬರುತ್ತದೆ. ಆದರೆ ಕೊಡಗಿನ ಎಷ್ಟೋ ಸಣ್ಣ ತೋಟಗಳು ಹಳೆ ಡೀಸೆಲ್ ಜೀಪುಗಳನ್ನೇ ನಂಬಿಕೊಂಡಿವೆ. ಅವುಗಳ ಕಾಯಿಲೆ ಬಗ್ಗೆ ಒಂದು ಸಾಲೂ ಬರುವುದಿಲ್ಲ. ಅದಕ್ಕೇ ಈ ಪತ್ರ.

ನಮ್ಮದು ಚೇರಂಬಾಣೆ ಹತ್ತಿರ ಆರು ಎಕರೆ ರೊಬಸ್ಟಾ ಕಾಫಿ ತೋಟ. ಜೀಪು 1998ರದ್ದು, ಓಡಿಸುವುದು ನಾನೇ. ಕಳೆದ ಜನವರಿಯಲ್ಲಿ ಕೊಯ್ಲು ಜೋರಾಗಿದ್ದಾಗಲೇ ಅದು ಕೈಕೊಟ್ಟಿತು. ಹಣ್ಣಿನ ಚೀಲ ತುಂಬಿಕೊಂಡು ಕೆಳಗಿನ ತೋಟದಿಂದ ಕಣಕ್ಕೆ ಹತ್ತುವಾಗ, ಅರ್ಧ ಏರಿಗೆ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಳೆಯುತ್ತಿರಲಿಲ್ಲ. ಎರಡು ಸಲ ಜಗ್ಗಿ ಆಫ್ ಆಗುತ್ತಿತ್ತು. ಐದು ನಿಮಿಷ ಸುಮ್ನೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಚೆನ್ನಾಗಿಯೇ ಹತ್ತುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅದೇ ಗೋಳು.

ಪೇಟೆಯ ಒಂದು ಗ್ಯಾರೇಜಿಗೆ ಒಯ್ದೆ. ಬಾನೆಟ್ ಎತ್ತಿ ಶಬ್ದ ಕೇಳಿ, ‘ಇಂಜಿನ್ ಕೆಲಸ ಬಂದಿದೆ, ಡೀಸೆಲ್ ಪಂಪೂ ಬಿಚ್ಚಬೇಕು, 45,000 ಆಗುತ್ತದೆ’ ಎಂದರು. ಒಂದು ಪೈಪನ್ನೂ ಕಳಚಿ ನೋಡಿರಲಿಲ್ಲ. ಅಲ್ಲಿದ್ದ ಇನ್ನೊಬ್ಬರು, ಬೆಟ್ಟದ ಮೇಲೆ ಗಾಳಿ ತೆಳು, ಹಳೆ ಗಾಡಿ ಎಳೆಯುವುದಿಲ್ಲ ಎಂದರು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಕರಾವಳಿಗಿಂತ ಗಾಳಿ ಹತ್ತರಲ್ಲಿ ಒಂದು ಪಾಲು ತೆಳು, ನಿಜ. ಆದರೆ ನಮ್ಮ ಜೀಪು ಇದೇ ಏರಿನಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಓಡಿದೆ. ಡಿಸೆಂಬರಿನಲ್ಲಿ ಇಲ್ಲದ್ದು ಜನವರಿಯಲ್ಲಿ ಹೇಗೆ ಬಂತು? ಗಾಡಿಯನ್ನು ವಾಪಸ್ ತಂದೆ.

ಮೂರ್ನಾಡಿನ ಕಡೆಯಿಂದ ಬರುವ ವಯಸ್ಸಾದ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ್ದು ಒಂದೇ. ‘ಎಳೆಯದೆ ಇರುವಾಗ ಹೊಗೆ ಯಾವ ಬಣ್ಣ, ಅಕ್ಕಾ?’ ನಾನು ಗಮನಿಸಿಯೇ ಇರಲಿಲ್ಲ. ಮಗನನ್ನು ಹಿಂದೆ ನಿಲ್ಲಿಸಿ ಮತ್ತೆ ಏರು ಹತ್ತಿಸಿದೆ. ಹೊಗೆಯೇ ಇಲ್ಲ. ‘ಹಾಗಾದರೆ ಇಂಜಿನಿಗೆ ಊಟ ಸಿಗುತ್ತಿಲ್ಲ’ ಎಂದರು.

ಅವರು ವಿವರಿಸಿದ್ದನ್ನು ತೋಟದ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಎಳೆಯದೆ ಕಪ್ಪು ಹೊಗೆ ಉಗುಳಿದರೆ ಗಾಳಿ ಸಾಲುತ್ತಿಲ್ಲ ಅಥವಾ ಇಂಜಿನಿಗೆ ಡೀಸೆಲ್ ಸಿಂಪಡಿಸುವ ನೋಜಲ್ ಸರಿಯಿಲ್ಲ, ಮೊದಲು ಏರ್ ಫಿಲ್ಟರ್ ನೋಡಬೇಕು. ನೀಲಿ ಹೊಗೆ ಬಂದು, ಆಯಿಲ್ ಮುಚ್ಚಳ ತೆಗೆದಾಗ ಹೊಗೆ ನುಗ್ಗಿ ಬಂದರೆ ಆಗ ಇಂಜಿನ್ ಮೇಲೆ ಅನುಮಾನ ಪಡಬಹುದು. ಇಂಜಿನ್ ಶಬ್ದ ಮಾತ್ರ ಏರಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್. ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರದ ಡ್ರಮ್ ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ಹೊಗೆ ಇಲ್ಲದೆ ಶಕ್ತಿ ಕುಂದಿದರೆ ಡೀಸೆಲ್ ಬರುವ ದಾರಿಯನ್ನು ಟ್ಯಾಂಕಿನಿಂದ ಹಿಡಿದು ನೋಡಬೇಕು.

ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿದರು. ಗಾಳಿ ಒಳಗೆ ನುಗ್ಗಿದ ಶಬ್ದ ಬಂದಿದ್ದರೆ ಗಾಳಿಕಿಂಡಿ ಕಟ್ಟಿದೆ ಎಂದು ಅರ್ಥ. ಕಣಜದ ಹುಳ ಆ ಕಿಂಡಿಗೆ ಮಣ್ಣು ಮೆತ್ತಿದರೂ ಸಾಕು. ನಮ್ಮದರಲ್ಲಿ ಹಾಗಿರಲಿಲ್ಲ. ಆಮೇಲೆ ಐದು ಲೀಟರಿನ ಕ್ಯಾನಿಗೆ ಶುದ್ಧ ಡೀಸೆಲ್ ತುಂಬಿ ಭದ್ರವಾಗಿ ಕಟ್ಟಿದರು. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಆ ಕ್ಯಾನಿನಿಂದಲೇ ನೇರ ಪೈಪ್ ಕೊಟ್ಟರು. ಮಿಕ್ಕ ಡೀಸೆಲ್ ವಾಪಸ್ ಬರುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟು, ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದು, ಅಷ್ಟೇ ಚೀಲ ಹಾಕಿ ಅದೇ ಏರು ಹತ್ತಿಸಿದರು. ಒಂದೇ ದಮ್ಮಿಗೆ ಕಣ ಮುಟ್ಟಿತು! ಇಂಜಿನ್, ಪಂಪ್, ನೋಜಲ್ ಯಾವುದಕ್ಕೂ ಏನೂ ಆಗಿರಲಿಲ್ಲ. ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿತ್ತು.

ಟ್ಯಾಂಕ್ ಇಳಿಸಿದಾಗ ತಳದಲ್ಲಿ ನೀರು, ತುಕ್ಕು, ಕಪ್ಪು ಲೋಳೆ. ಇಂಜಿನ್ ಜೋರಾಗಿ ಎಳೆದಾಗ ಆ ಕೊಳೆ ಟ್ಯಾಂಕಿನೊಳಗೆ ಡೀಸೆಲ್ ಎಳೆಯುವ ಪೈಪಿನ ಜಾಲರಿಗೆ ಹೋಗಿ ಅಂಟುತ್ತಿತ್ತು. ನಿಲ್ಲಿಸಿದರೆ ಕಳಚಿ ಬೀಳುತ್ತಿತ್ತು. ಐದು ನಿಮಿಷದಲ್ಲಿ ಗಾಡಿ ಸರಿಯಾಗುತ್ತಿದ್ದುದು ಅದಕ್ಕೇ. ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಪೈಪೂ ಬಿರುಕು ಬಿಟ್ಟಿತ್ತು. ಅಲ್ಲಿ ಡೀಸೆಲ್ ಸೋರುವುದು ಕಾಣುವುದೇ ಇಲ್ಲ, ಒಳಗೆ ಗಾಳಿ ಎಳೆದುಕೊಳ್ಳುತ್ತದೆ. ನಡುವೆ ಒಂದಡಿ ಪಾರದರ್ಶಕ ಪೈಪ್ ಸಿಕ್ಕಿಸಿ ಗುಳ್ಳೆ ಹೋಗುವುದನ್ನು ನನಗೇ ತೋರಿಸಿದರು. ಟ್ಯಾಂಕ್ ತೊಳೆದು, ಪೈಪ್ ಮತ್ತು ಎರಡು ಫಿಲ್ಟರ್ ಬದಲಿಸಿ, ಕೂಲಿ ಸೇರಿ 2,800 ರೂಪಾಯಿ.

ನೀರು ಬಂದದ್ದು ನಮ್ಮ ಮಳೆಗಾಲದಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೀಪನ್ನು ಕಾಲು ಟ್ಯಾಂಕ್ ಡೀಸೆಲ್‌ನಲ್ಲಿ ಶೆಡ್ಡಿನೊಳಗೆ ಬಿಟ್ಟಿದ್ದೆ. ಖಾಲಿ ಜಾಗದ ತೇವ ಒಳಗೋಡೆಯಲ್ಲಿ ಹನಿಗಟ್ಟಿ ಇಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲೇ ಉಳಿಯುತ್ತದೆ. ಈಗ ಮೇ ಕೊನೆಗೆ ಟ್ಯಾಂಕ್ ಭರ್ತಿ ಮಾಡಿಡುತ್ತೇನೆ. ಕೊಯ್ಲಿಗೆ ಮೊದಲು ತಳದ ಡೀಸೆಲ್ ಸ್ವಲ್ಪ ಗಾಜಿನ ಬಾಟಲಿಗೆ ಇಳಿಸಿ, ಒಂದು ರಾತ್ರಿ ಇಟ್ಟು ನೋಡುತ್ತೇನೆ. ನೀರಿದ್ದರೆ ಕೆಳಗೆ ಬೇರೆಯಾಗಿ ಕಾಣುತ್ತದೆ.

ಜಿಲ್ಲೆಯ ಗ್ಯಾರೇಜಿನವರಲ್ಲಿ ನನ್ನ ಕೋರಿಕೆ ಇದು. ದೊಡ್ಡ ಕೆಲಸ ಹೇಳುವ ಮೊದಲು ಏನೇನು ಪರೀಕ್ಷೆ ಮಾಡಿದಿರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ. ಆ ಪರೀಕ್ಷೆಗೆ ಕೂಲಿ ಕೇಳಿ, ಖಂಡಿತ ಕೊಡುತ್ತೇವೆ. ಡೀಸೆಲ್ ಮೆಕ್ಯಾನಿಕ್ ಕಲಿಸುವ ಐಟಿಐಗಳು ಈ ಕ್ಯಾನಿನ ಪರೀಕ್ಷೆಯನ್ನು ಹುಡುಗರ ಕೈಯಲ್ಲೇ ಮಾಡಿಸಲಿ. ಕಂಪ್ಯೂಟರ್ ಇಲ್ಲದ ಗಾಡಿಗಳು ನಮ್ಮ ತೋಟಗಳಲ್ಲಿ ಇನ್ನೂ ಬೇಕಾದಷ್ಟಿವೆ. ತಾವೂ ಮಳೆ ಹಿಡಿಯುವ ಮೊದಲು ಕೃಷಿ ಪುಟದಲ್ಲಿ ಅರ್ಧ ಪುಟ ಈ ಜೀಪುಗಳಿಗೆ ಕೊಡಬೇಕೆಂದು ವಿನಂತಿ.

– ಕಾಫಿ ಬೆಳೆಗಾರ್ತಿ, ಚೇರಂಬಾಣೆ