ಫೋಲ್ಡರ್ ಎಲ್ಲರದ್ದಿರಲಿ, ಲಾಗಿನ್ ಅವರವರದ್ದಿರಲಿ

ಮಾನ್ಯ ಸಂಪಾದಕರೇ,

ನಾನು ಗದಗದ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ 14 ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಮದುವೆ ಕಾರ್ಡು, ಜಾತ್ರೆ ಹ್ಯಾಂಡ್‌ಬಿಲ್ಲು, ಬಿಲ್ ಬುಕ್ಕು ನಮ್ಮ ದಿನದ ಕೆಲಸ. ನಮ್ಮಲ್ಲಿ ಐದು ಕಂಪ್ಯೂಟರ್ ಇವೆ. ಡಿಸೈನಿಗೆ ಒಂದು ಹಳೇ ಐಮ್ಯಾಕ್, ಟೈಪಿಂಗಿಗೆ ಎರಡು ವಿಂಡೋಸ್, ಲೆಕ್ಕಕ್ಕೆ ಟ್ಯಾಲಿ ಇರುವ ಇನ್ನೊಂದು ವಿಂಡೋಸ್. ಮೂಲೆಯಲ್ಲಿ ಉಬುಂಟು (ವಿಂಡೋಸ್ ಬದಲಿಗೆ ಹಾಕುವ ಉಚಿತ ಲಿನಕ್ಸ್) ಹಾಕಿದ ಹಳೇ ಡಬ್ಬ. ಫೈಲ್‌ಗಳೆಲ್ಲ ಅದರೊಳಗೆ. ಸಣ್ಣ ಆಫೀಸುಗಳಲ್ಲಿ ಹೀಗೇ ಅಲ್ವಾ, ದುಡ್ಡು ಇದ್ದಾಗ ಒಂದೊಂದು ಬರುತ್ತದೆ, ಎಲ್ಲವೂ ಬೇರೆ ಬೇರೆ ಜಾತಿಯವು.

ಮೊದಲು ಆ ಡಬ್ಬಕ್ಕೆ ಎಲ್ಲರಿಗೂ ಒಂದೇ ಲಾಗಿನ್ ಇತ್ತು. ಹೆಸರು 'ಆಫೀಸ್'. ಪಾಸ್‌ವರ್ಡನ್ನು ಸ್ಕ್ಯಾನರ್ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದೆವು. ಒಂದು ಸಲ ಮದುವೆ ಕಾರ್ಡಿನಲ್ಲಿ ಮುಹೂರ್ತ 10.25 ಅಂತ ಇದ್ದದ್ದನ್ನು ಹುಡುಗಿ ಕಡೆಯವರು ಬಂದು 11.40 ಅಂತ ತಿದ್ದಿಸಿ ಹೋದರು. ಅಷ್ಟರಲ್ಲಿ ಯಾರೋ ತಮ್ಮ ಕಂಪ್ಯೂಟರಿನಲ್ಲಿದ್ದ ಹಳೇ ಫೈಲನ್ನು ಅದರ ಮೇಲೆ ಸೇವ್ ಮಾಡಿಬಿಟ್ಟರು. 600 ಕಾರ್ಡು ಹಳೇ ಮುಹೂರ್ತದಲ್ಲೇ ಅಚ್ಚಾದವು. ಯಾರು ಮಾಡಿದ್ದು ಅಂತ ನೋಡಿದರೆ ಫೈಲಿನ ಒಡೆಯ 'ಆಫೀಸ್'. ಕೊನೆಗೆ ಬೈಗುಳ ತಿಂದವಳು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗಿ. 'ಅಕ್ಕಾರ, ನಾ ಮಾಡಿಲ್ರೀ' ಅಂತ ನನ್ನ ಮುಂದೆ ಅತ್ತಳು. ಅವಳು ಮಾಡಿಲ್ಲ ಅನ್ನಲಿಕ್ಕೆ ನನ್ನ ಹತ್ತಿರವೂ ಆಧಾರ ಇರಲಿಲ್ಲ. ಮುಂದಿನ ವಾರ ಕೆಲಸ ಬಿಟ್ಟಳು. ಯಾರು ಮಾಡಿದ್ದು ಅಂತ ಇವತ್ತಿಗೂ ಗೊತ್ತಿಲ್ಲ.

ಫೋಲ್ಡರ್ ಎಲ್ಲರಿಗೂ ಒಂದೇ ಇದ್ದು ಲಾಗಿನ್ ಮಾತ್ರ ಅವರವರದ್ದೇ ಇರುವಂತೆ ಮಾಡುವುದು ಹೇಗೆ ಅಂತ ಅವತ್ತಿನ ಸಂಕಟಕ್ಕೇ ನಾನು ಕಲಿಯಲು ಕೂತದ್ದು. ಇದಕ್ಕೆ ಒಂದು ರೂಪಾಯಿಯೂ ಬೇಕಾಗಲಿಲ್ಲ. ಉಬುಂಟುವಿನಲ್ಲಿ ಸಾಂಬಾ ಎಂಬ ತಂತ್ರಾಂಶ ಉಚಿತ. ವಿಂಡೋಸ್ ಫೈಲ್ ಹಂಚಿಕೆಗೆ ಬಳಸುವ ಎಸ್‌ಎಂಬಿ ಎಂಬ ಭಾಷೆ ಅದಕ್ಕೆ ಬರುತ್ತದೆ, ಮ್ಯಾಕ್‌ಗೂ ಅದೇ ಭಾಷೆ ಬರುತ್ತದೆ. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಸಾಂಬಾವನ್ನು ಶುರು ಮಾಡಿದರು. ಎಸ್, ಎಂ, ಬಿ ಮೂರೂ ಅಕ್ಷರ ಇರುವ ಪದ ಹುಡುಕಿ ಈ ಹೆಸರಿಟ್ಟರಂತೆ.

ಈಗ ನಮ್ಮಲ್ಲಿ ಪ್ರತಿಯೊಬ್ಬರಿಗೂ ಅವರ ಹೆಸರಿನ ಲಾಗಿನ್ ಇದೆ. ಎಲ್ಲರೂ 'ಪ್ರೆಸ್' ಎಂಬ ಒಂದು ಗುಂಪಿನಲ್ಲಿದ್ದಾರೆ, ಫೋಲ್ಡರ್ ಆ ಗುಂಪಿನದ್ದು. ಮೊದಲ ದಿನ ನಾನು ಇಟ್ಟ ಫೈಲು ಬೇರೆಯವರಿಗೆ ತೆರೆಯುತ್ತಿತ್ತು, ತಿದ್ದಲು ಬರುತ್ತಿರಲಿಲ್ಲ. ಹೊಸ ಫೈಲೆಲ್ಲ ತಾನಾಗಿ ಗುಂಪಿಗೇ ಸೇರಬೇಕು, ಗುಂಪಿನವರು ಬರೆಯಬಹುದು ಅಂತ ಸೆಟ್ಟಿಂಗ್‌ನಲ್ಲಿ ಹೇಳಿದ ಮೇಲೆ ಸರಿಯಾಯಿತು. ಸಾಂಬಾದ ಪಾಸ್‌ವರ್ಡ್ ಉಬುಂಟುವಿನ ಪಾಸ್‌ವರ್ಡಿಗಿಂತ ಬೇರೆ, ಅದನ್ನು ಪ್ರತ್ಯೇಕವಾಗಿ ಕೊಡಬೇಕು ಅಂತ ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು. ಒಂದೇ ವಿಂಡೋಸ್ ಕಂಪ್ಯೂಟರನ್ನು ಇಬ್ಬರು ಬಳಸುವಲ್ಲಿ ಇನ್ನೊಂದು ತೊಡಕು ಬಂತು. ಒಂದೇ ಸರ್ವರಿಗೆ (ನಮ್ಮಲ್ಲಿ ಆ ಉಬುಂಟು ಡಬ್ಬ) ಒಂದೇ ಹೊತ್ತಿಗೆ ಎರಡು ಹೆಸರಿನಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. ಇಬ್ಬರಿಗೂ ವಿಂಡೋಸ್‌ನಲ್ಲೇ ಬೇರೆ ಅಕೌಂಟ್ ಮಾಡಿಕೊಟ್ಟೆವು. ಅಳಿಸಿದ ಫೈಲು ಒಂದು ಕಡೆ ಉಳಿಯುವ ವ್ಯವಸ್ಥೆ, ಯಾರು ಯಾವಾಗ ಏನು ಬದಲಿಸಿದರು ಅಂತ ದಾಖಲಾಗುವ ವ್ಯವಸ್ಥೆ ಎರಡೂ ಸಾಂಬಾದಲ್ಲೇ ಇವೆ. ಆ ಹುಡುಗಿ ಇದ್ದಾಗಲೇ ಇದನ್ನು ಮಾಡಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಒಂದು ಮಾತು ಹೇಳಲೇಬೇಕು. ಹಳೇ ಮ್ಯಾಕ್‌ನಿಂದ ಜಿಪ್ ಮಾಡಿ ತಂದ ಫೋಲ್ಡರನ್ನು ಉಬುಂಟುವಿನಲ್ಲಿ ಬಿಚ್ಚಿದರೆ 'ಕೋಟುಮಚಗಿ ಕಾರ್ಡ್' ಎಂಬ ಫೈಲು ಎರಡೆರಡು ಕಾಣುತ್ತಿತ್ತು. ಮೊದಲೇ ಅಲ್ಲಿದ್ದದ್ದು ಒಂದು, ಮ್ಯಾಕ್‌ನಿಂದ ಬಂದದ್ದು ಒಂದು. ಕಣ್ಣಿಗೆ ಒಂದೇ ಹೆಸರು. ಒಳಗೆ ಬೇರೆ. ಆ ಹಳೇ ಮ್ಯಾಕ್ 'ಕೋ'ದ ಓತ್ವವನ್ನು ಒಂದೇ ಚಿಹ್ನೆಯಾಗಿ ಇಡದೆ ಎತ್ವ, ಊತ್ವ, ದೀರ್ಘ ಅಂತ ಮೂರು ತುಂಡು ಮಾಡಿ ಇಡುತ್ತದೆ. ಉಬುಂಟು ಅದನ್ನು ಬೇರೆಯೇ ಹೆಸರು ಅಂದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹೆಸರಿಡಿ ಅಂತ ಹಲವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಜಿಪ್ ಬಿಟ್ಟು ಮ್ಯಾಕ್‌ನಿಂದ ನೇರ ಹಂಚಿಕೆ ಫೋಲ್ಡರಿಗೇ ಸೇವ್ ಮಾಡತೊಡಗಿದ ಮೇಲೆ ಆ ಕಾಟ ನಿಂತಿತು.

ಇದನ್ನು ಈಗ ಬರೆಯಲು ಕಾರಣ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕಲು ಬಾರದ ಹಳೇ ಕಂಪ್ಯೂಟರಿಗೆ ಹಲವರು ಲಿನಕ್ಸ್ ಹಾಕುತ್ತಿದ್ದಾರೆ. ಕಲಬೆರಕೆ ಇನ್ನೂ ಜಾಸ್ತಿ ಆಗುತ್ತದೆ. ಇನ್ನೊಂದು ಕಡೆ ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ, ಪಾಸ್‌ವರ್ಡ್ ಇಲ್ಲದ 'ಗೆಸ್ಟ್' ಹಂಚಿಕೆಗಳನ್ನು ತಾನಾಗಿ ತೆರೆಯುವುದಿಲ್ಲ. ಫೋಲ್ಡರ್ ಬರ್ತಾ ಇಲ್ಲ ಅಂತ ರಿಪೇರಿಯವರನ್ನು ಕರೆದರೆ ಕೆಲವರು ಆ ಕಾವಲನ್ನೇ ತೆಗೆದು ಹೋಗುತ್ತಾರೆ. ಹಳೇ ಎಸ್‌ಎಂಬಿ 1 ಚಾಲೂ ಮಾಡಿ ಹೋಗುವವರೂ ಇದ್ದಾರೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಜಗತ್ತಿನ ತುಂಬ ಹರಡಿದ್ದು ಇದೇ ಎಸ್‌ಎಂಬಿ 1ರ ಬಿರುಕಿನಿಂದ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಒಂದು ಹೆಸರು, ಒಂದು ಪಾಸ್‌ವರ್ಡ್ ಮಾಡಿಕೊಡಿ ಅಂತ ಕೇಳಿ. ಹತ್ತು ನಿಮಿಷದ ಕೆಲಸ.

ನಮ್ಮ ಊರುಗಳ ಕಂಪ್ಯೂಟರ್ ತರಬೇತಿ ಕೇಂದ್ರದವರಲ್ಲಿ ನನ್ನ ವಿನಂತಿ ಇಷ್ಟೇ. ನುಡಿ, ಎಕ್ಸೆಲ್, ಟ್ಯಾಲಿ ಕಲಿಸುತ್ತೀರಿ. ಅದರ ಜೊತೆಗೆ ಒಂದು ಮಧ್ಯಾಹ್ನ ಇದಕ್ಕೆ ಕೊಡಿ. ಒಂದು ವಿಂಡೋಸ್, ಒಂದು ಉಬುಂಟು ಪಕ್ಕಪಕ್ಕ ಇಟ್ಟು, ಪ್ರತಿ ಮಗುವಿಗೂ ತನ್ನ ಹೆಸರಿನ ಲಾಗಿನ್ ತಾನೇ ಮಾಡಿಕೊಳ್ಳಲು ಹೇಳಿ. ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲೂ ಹೊಸ ಫೋನುಗಳ ನಡುವೆ ಒಂದು ವಾರ ಇದಕ್ಕೆ ಜಾಗ ಕೊಡಿ. ಬೇಕಿದ್ದರೆ ನಮ್ಮ ಸೆಟ್ಟಿಂಗ್ ಬರೆದಿಟ್ಟ ನೋಟ್‌ಬುಕ್ಕಿನ ಪುಟಗಳನ್ನು ನಾನೇ ಟೈಪ್ ಮಾಡಿ ಕಳಿಸುತ್ತೇನೆ.

ಇಂತಿ,
ಒಬ್ಬ ಡಿಟಿಪಿ ಆಪರೇಟರ್, ಗದಗ