ಹಸಿರಿಗೆ ಮುನ್ನ ಹಳದಿಯೂ ಬೆಳಗಲಿ

ಮಾನ್ಯ ಸಂಪಾದಕರೇ,

ಕಲಬುರಗಿಯ ವೃತ್ತಗಳಲ್ಲಿ ಕೆಂಪು ದೀಪ ಆರುವ ಮೊದಲೇ ಹಿಂದಿನ ವಾಹನಗಳು ಹಾರ್ನ್ ಹಾಕತೊಡಗುತ್ತವೆ. ಸುಡುಬಿಸಿಲಿನಲ್ಲಿ ನಿಂತವರ ಅವಸರ ಅರ್ಥವಾಗುವಂಥದ್ದೇ, ಆದರೆ ಆಗಿನ್ನೂ ರಸ್ತೆ ದಾಟುತ್ತಿರುವ ವೃದ್ಧರ ಪಾಡು ನೋಡಲಾಗದು. ನಮ್ಮಲ್ಲಿ ಕೆಂಪಿನ ಬೆನ್ನಿಗೇ ಹಸಿರು ಬರುತ್ತದೆ. ಬ್ರಿಟನ್, ಜರ್ಮನಿಗಳಲ್ಲಾದರೆ ಹಸಿರಿಗೆ ಮುನ್ನ ಕೆಂಪು ಮತ್ತು ಹಳದಿ ದೀಪಗಳು ಕ್ಷಣಕಾಲ ಒಟ್ಟಿಗೆ ಬೆಳಗಿ, ನಿಂತಲ್ಲೇ ಸಿದ್ಧರಾಗಿರುವಂತೆ ಚಾಲಕರಿಗೆ ಸೂಚಿಸುತ್ತವೆ. ರಸ್ತೆ ಸಂಕೇತಗಳ ಕುರಿತ 1968ರ ವಿಯೆನ್ನಾ ಒಡಂಬಡಿಕೆಯೂ ಈ ಕ್ರಮಕ್ಕೆ ಅವಕಾಶವಿತ್ತಿದೆ. ಆಸ್ಟ್ರಿಯಾದಲ್ಲಂತೂ ಹಸಿರು ಮುಗಿಯುವ ಮುನ್ನ ಮಿನುಗಿ ಎಚ್ಚರಿಸುತ್ತದೆ, ಇದು ನನಗೆ ಬಹಳ ಮೆಚ್ಚುಗೆಯಾದ ಪದ್ಧತಿ. ಸಂಬಂಧಪಟ್ಟವರು ನಗರದ ಒಂದು ವೃತ್ತದಲ್ಲಾದರೂ, ಅಗತ್ಯ ಅನುಮತಿ ಪಡೆದು, ಇಂಥ ಮುನ್ಸೂಚನೆಯನ್ನು ಪ್ರಾಯೋಗಿಕವಾಗಿ ಅಳವಡಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಕಲಬುರಗಿ